ಹೆಂಗಸರ ಹೊತ್ತಿನ ಅಕ್ಕ

ನನ್ನ ಅಕ್ಕ ಜಿಮ್ಮಿಗೆ ಮೊದಲು ಕಾಲಿಟ್ಟದ್ದು ಪೊರಕೆ ಹಿಡಿದುಕೊಂಡು. ಭಾವ ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಗೋಡೆಗೆಲ್ಲ ಕನ್ನಡಿ ಬಡಿಸಿ, ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದರು. ಭಾವ ಎಂದರೆ ಸುಮ್ಮನೆ ಅಲ್ಲ. ಎದೆ ಅಗಲ, ಕುತ್ತಿಗೆ ದಪ್ಪ, ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುತ್ತಿರಲಿಲ್ಲ. ಬೀದಿಯವರೆಲ್ಲ ಅವರನ್ನು ‘ಮಾಸ್ಟರು’ ಎನ್ನುತ್ತಿದ್ದರು. ಕಬ್ಬಿಣ ಎತ್ತುವುದರಲ್ಲಿ ಅವರು ಗಟ್ಟಿಗರು ಎಂಬುದನ್ನು ನಾನೂ ಒಪ್ಪುತ್ತೇನೆ. ಕಬ್ಬಿಣ ಎತ್ತಿ ಮುಗಿದ ಮೇಲೆ ನೆಲ ಒರೆಸುವುದು ಯಾರು ಎಂಬ ಯೋಚನೆ ಮಾತ್ರ ಅವರ ಆ ದಪ್ಪ ತಲೆಗೆ ಹೊಳೆದಿರಲಿಲ್ಲ. ಅದಕ್ಕೆ ಅಕ್ಕ ಹೋದಳು.

ನಾನು ಬಟ್ಟೆ ಹೊಲಿಯುವವಳು. ಟೈರ್ ಅಂಗಡಿಯ ಪಕ್ಕದಲ್ಲೇ ನನ್ನ ಅಂಗಡಿ. ಹಾಗಾಗಿ ಮೇಲೆ ನಡೆದದ್ದೆಲ್ಲ ನನಗೆ ಗೊತ್ತು. ಭಾವನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಆದರೆ ಅವರು ಕೆಟ್ಟವರು ಎಂದು ನಾನು ಯಾವತ್ತೂ ಹೇಳಿದವಳಲ್ಲ. ಕುಡಿಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ, ನನ್ನ ಅಂಗಡಿಯ ಷಟರ್ ಕೆಟ್ಟಾಗ ಕರೆಯದೆಯೇ ಬಂದು ಸರಿಮಾಡಿ ಕೊಟ್ಟಿದ್ದರು. ಕೆಟ್ಟವರಾಗಿದ್ದರೆ ಅಕ್ಕನಿಗೆ ಇಷ್ಟು ನೋವಾಗುತ್ತಲೂ ಇರಲಿಲ್ಲ.

ಜಿಮ್ಮು ಶುರುವಾದ ಸ್ವಲ್ಪ ದಿನಕ್ಕೇ ಅಕ್ಕನ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಅವರಿಗೆ ಮತ್ತೆ ನಡೆಯಲು ಕಲಿಸುವುದಕ್ಕೆ ಆಸ್ಪತ್ರೆಯಿಂದ ಒಬ್ಬ ಹೆಂಗಸು ಮನೆಗೆ ಬರುತ್ತಿದ್ದಳು. ಆಕೆ ಬಂದಾಗಲೆಲ್ಲ ಅಕ್ಕ ಕೆಲಸ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮಂಡಿಯ ಕೆಳಗೆ ಕೈ ಎಲ್ಲಿಡಬೇಕು, ಎಷ್ಟು ಒತ್ತಬೇಕು, ನೋವು ಎಂದಾಗ ಯಾವ ನೋವಿಗೆ ನಿಲ್ಲಿಸಬೇಕು, ಯಾವ ನೋವಿಗೆ ಗದರಬೇಕು, ಎಲ್ಲವನ್ನೂ ಕೇಳಿ ಕೇಳಿ ಆಕೆಯ ತಲೆ ತಿಂದುಬಿಟ್ಟಳು. ಕೊನೆಗೆ ಅತ್ತೆ ಸೊಸೆಯ ಹೆಗಲು ಹಿಡಿದುಕೊಂಡು ಅಂಗಳದವರೆಗೆ ನಡೆದರು. ಸಾಯುವ ತನಕ ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ ತಾವೇ ಬಚ್ಚಲಿಗೆ ಹೋಗಿಬರುತ್ತಿದ್ದರು. ಬೈಗುಳವೂ ಅಷ್ಟೇ ಗಟ್ಟಿಯಾಗಿತ್ತು ಬಿಡಿ.

ಅತ್ತೆ ನಡೆದದ್ದನ್ನು ನೋಡಿ ಪಕ್ಕದ ಮನೆಯಾಕೆ ತನ್ನ ಸೊಂಟ ನೋವು ಹೇಳಿಕೊಂಡು ಬಂದಳು. ಅವಳ ಹಿಂದೆ ಅವಳ ನಾದಿನಿ ಬಂದಳು. ಗಂಡಸರು ಕೆಲಸಕ್ಕೆ ಹೋದ ಮೇಲೆ ಹತ್ತರಿಂದ ಹನ್ನೆರಡರವರೆಗೆ ಜಿಮ್ಮು ಖಾಲಿ ಹೊಡೆಯುತ್ತಿತ್ತು. ಆ ಹೊತ್ತಿನಲ್ಲಿ ಅಕ್ಕ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಹೀಗೆ ಹೆಂಗಸರ ಹೊತ್ತು ಶುರುವಾಯಿತು. ಶಾಲೆಯಲ್ಲಿ ಅಡುಗೆ ಮಾಡುವಾಕೆ, ಬಾಣಂತನ ಮುಗಿಸಿ ಮೈ ಊದಿಕೊಂಡ ಹುಡುಗಿಯರು, ಮಂಡಿಚಿಪ್ಪು ಸವೆದ ಅಜ್ಜಿಯರು, ಎಲ್ಲರೂ ಸೀರೆ ಎತ್ತಿಕಟ್ಟಿಕೊಂಡೋ ಮಗನ ಹಳೆ ಪ್ಯಾಂಟು ಹಾಕಿಕೊಂಡೋ ಬರತೊಡಗಿದರು. ಯಾರೂ ಅವಳನ್ನು ಟ್ರೈನರ್ ಎನ್ನಲಿಲ್ಲ. ಅಮ್ಮನ ವಯಸ್ಸಿನವರೂ ‘ಅಕ್ಕಾ’ ಎಂದೇ ಕರೆದರು. ಭಾವನ ಗಂಡಸರ ಹೊತ್ತು ಸೊರಗಿ, ಹತ್ತಿರದಲ್ಲೇ ದೊಡ್ಡ ಎಸಿ ಜಿಮ್ಮು ಬಂದು ಹುಡುಗರೆಲ್ಲ ಅಲ್ಲಿಗೆ ಓಡಿದಾಗ, ಬಾಡಿಗೆ ಕಟ್ಟಿದ್ದು ಹೆಂಗಸರ ಹೊತ್ತು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಭಾವನೇ ನನ್ನೆದುರು ಒಮ್ಮೆ ನಗುತ್ತಾ, “ನಿಮ್ಮಕ್ಕ ಇಲ್ದಿದ್ರೆ ನಾನು ಈ ಕನ್ನಡಿ ಮಾರ್ಕೊಂಡು ತಿನ್ಬೇಕಿತ್ತು” ಎಂದಿದ್ದರು.

ಟ್ರೈನರ್ ಆಗುವುದಕ್ಕೆ ಒಂದು ಕೋರ್ಸು ಇರುತ್ತದೆ. ಬೇರೆ ಊರಿಗೆ ಹೋಗಿ ಕೆಲವು ತಿಂಗಳು ಇದ್ದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ತರಬೇಕು. ಅಕ್ಕನಿಗೆ ಅದರ ಮೇಲೆ ಪ್ರಾಣ. ಪ್ರತಿ ವರ್ಷ ಕೇಳುತ್ತಿದ್ದಳು. ಪ್ರತಿ ವರ್ಷವೂ ಭಾವನದು ಒಂದೇ ಉತ್ತರ: “ನಿಂಗ್ಯಾಕೆ ಕಾಗದ? ನಾನಿದೀನಲ್ಲ.” ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಅಕ್ಕನಿಗೂ ಚೆನ್ನಾಗಿಯೇ ಕೇಳಿಸುತ್ತಿತ್ತು.

ಜಿಮ್ಮಿಗೆ ವಿಮೆ ಮಾಡಿಸಿದ್ದು ಆಮೇಲೆ. ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲ ಕಂಪನಿ ನೋಡಿಕೊಳ್ಳುತ್ತದೆ ಎಂದು ಏಜೆಂಟ್ ಬಂದು ವಿವರಿಸಿದ. ಮಾತು ಜೇನಿನಂತೆ, ಪ್ರತಿ ವಾಕ್ಯಕ್ಕೂ ಒಂದು ‘ಸಾರ್’. ಒಂದೇ ಷರತ್ತು ಎಂದ: ಮೆಷಿನ್ ಹತ್ತಿರ ನಿಂತು ಹೇಳಿಕೊಡುವವರ ಹೆಸರು ಪಾಲಿಸಿಯಲ್ಲಿ ಇರಬೇಕು, ಅವರ ಹತ್ತಿರ ಸರ್ಟಿಫಿಕೇಟ್ ಇರಬೇಕು.

“ಇಲ್ಲಿ ಹೇಳಿಕೊಡೋರು ಯಾರ್ಯಾರು ಸಾರ್?”

“ನಾನೊಬ್ಬನೇ,” ಎಂದರು ಭಾವ. ಸರ್ಟಿಫಿಕೇಟ್ ಇದ್ದದ್ದು ಅವರ ಹತ್ತಿರ ಮಾತ್ರ.

ಅಕ್ಕ ಅವರಿಬ್ಬರಿಗೂ ಕಾಫಿ ತಂದಿಟ್ಟು ಅಲ್ಲೇ ನಿಂತಿದ್ದಳು. ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ನಾನೂ ಇದ್ದೆ. ನಾನು ಅಕ್ಕನ ಮುಖ ನೋಡಿದೆ. ಅವಳು ನಕ್ಕಳು. ಕೆಳಗಿಳಿಯುವಾಗ ಮೆಟ್ಟಿಲಲ್ಲಿ, “ಪೆಟ್ಟು ಬೀಳ್ದಂಗೆ ನೋಡ್ಕೊಂಡ್ರಾಯ್ತು ಬಿಡೇ, ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ಬೇಕಾ?” ಎಂದಳು.

ಇನ್ನು ಆ ಕೆಂಪು ದಾರದ ವಿಷಯ ಹೇಳಬೇಕು. ನಡೆಯುವ ಮೆಷಿನ್, ಅದೇ ಟ್ರೆಡ್‌ಮಿಲ್, ಅದರ ಜೊತೆ ಒಂದು ಕೆಂಪು ದಾರ ಬರುತ್ತದೆ. ಅದರ ಒಂದು ತುದಿಯ ಕ್ಲಿಪ್ಪನ್ನು ನಾವು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ತುದಿಯಲ್ಲಿ ಅಯಸ್ಕಾಂತದ ಬಿಲ್ಲೆ, ಅದು ಮೆಷಿನ್‌ಗೆ ಕಚ್ಚಿಕೊಂಡಿರುತ್ತದೆ. ನಾವು ಮುಗ್ಗರಿಸಿದರೆ ದಾರ ಎಳೆದು ಬಿಲ್ಲೆ ಕಿತ್ತುಬರುತ್ತದೆ, ಕಾಲಡಿ ಓಡುವ ಪಟ್ಟಿ ತಕ್ಷಣ ನಿಲ್ಲುತ್ತದೆ. ಬಿಲ್ಲೆ ಇಲ್ಲದೆ ಮೆಷಿನ್ ಓಡುವುದೇ ಇಲ್ಲ. ಒಳ್ಳೆಯ ಉಪಾಯವೇ. ಆದರೆ ಬಂದವರೆಲ್ಲ ಆ ದಾರವನ್ನು ಸಿಕ್ಕಿಸಿಕೊಂಡೇ ಮನೆಗೆ ಹೋಗಿಬಿಡುತ್ತಿದ್ದರು. ಒಬ್ಬಳು ಅದನ್ನು ಸೀರೆಗೆ ಅಂಟಿಸಿಕೊಂಡು ಮದುವೆಮನೆಗೇ ಹೋಗಿಬಂದಿದ್ದಳು. ಪ್ರತಿ ಸಲ ಹೊಸ ದಾರ ತರಿಸಿ ಭಾವನಿಗೆ ರೋಸಿಹೋಯಿತು. ಹಳೆಯ ಸ್ಪೀಕರ್ ಒಡೆದು ಅದರೊಳಗಿನ ಅಯಸ್ಕಾಂತದ ಚೂರನ್ನು ತೆಗೆದು, ಬಿಲ್ಲೆ ಇರಬೇಕಾದ ಜಾಗಕ್ಕೆ ಇಟ್ಟು, ಮೇಲೆ ಕಪ್ಪು ಟೇಪು ಸುತ್ತಿಬಿಟ್ಟರು. ದಾರದ ಕಾಟ ತಪ್ಪಿತು, ಮೆಷಿನ್ ಯಾವಾಗ ಬೇಕಾದರೂ ಓಡುತ್ತಿತ್ತು. ಇಂಥ ಕೆಲಸದಲ್ಲಿ ಭಾವನ ಕೈ ಬಹಳ ಚುರುಕು.

“ಅದಿರೋದೇ ಬೀಳೋರಿಗೋಸ್ಕರ ಅಲ್ವೇನ್ರೀ?” ಎಂದು ಅಕ್ಕ ಕೇಳಿದಳು.

“ಇಲ್ಲಿವರ್ಗೂ ಯಾರು ಬಿದ್ದಿದಾರೆ?” ಎಂದರು ಭಾವ.

ಅಕ್ಕ ಬಿಡಲಿಲ್ಲ, ಊಟಕ್ಕೆ ಕೂತಾಗಲೆಲ್ಲ ಅದನ್ನೇ ಎತ್ತಿದಳು. ಕೊನೆಗೆ ಭಾವ, “ಹೊಸ ದಾರ ಬರ್ಲಿ ತಡಿಯೇ, ಹಾಕ್ತೀನಿ” ಎಂದರು. ದಾರ ಬರಲಿಲ್ಲ. ತರಿಸಿದರೆ ತಾನೇ ಬರುವುದು.

ಬಿದ್ದವರು ಅಂಚೆ ಮೇಡಂ. ಅಂಚೆ ಕಚೇರಿಯಿಂದ ನಿವೃತ್ತರಾದ ಹೆಂಗಸು, ಮನೆಯಲ್ಲಿ ಒಬ್ಬರೇ. ಅಕ್ಕನನ್ನು ಕಂಡರೆ ಪಂಚಪ್ರಾಣ. ಮೊದಲು ಬಂದಾಗ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದವರು ಈಗ ಟ್ರೆಡ್‌ಮಿಲ್ ಮೇಲೆ ಕೈ ಬೀಸಿಕೊಂಡು ನಡೆಯುತ್ತಿದ್ದರು. ಅವತ್ತು ಅವರ ಹೆಗಲ ಮೇಲಿನ ಟವೆಲ್ ಜಾರಿತು. ಪಟ್ಟಿ ಓಡುತ್ತಿರುವಾಗಲೇ ಅದನ್ನು ಹಿಡಿಯಲು ಬಗ್ಗಿದರು. ಮುಂದೆ ಬಿದ್ದರು. ಕಿತ್ತುಬರಲು ದಾರ ಇರಲಿಲ್ಲ. ಪಟ್ಟಿ ನಿಲ್ಲದೆ ಅವರನ್ನು ಎಳೆದು ಹಿಂದಕ್ಕೆ ಒಗೆಯಿತು. ಅಕ್ಕ ಓಡಿಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತಳು. ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಮೇಡಂ ತಲೆ ಅಕ್ಕನ ತೊಡೆಯ ಮೇಲಿತ್ತು. ಮುಂಗೈ ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಮೊಣಕಾಲ ಚರ್ಮ ಸುಲಿದುಹೋಗಿತ್ತು. ಅಕ್ಕ ಆ ಕೈಯನ್ನು ಮರದ ಹಲಗೆಯ ಮೇಲಿಟ್ಟು ಟವೆಲ್‌ನಿಂದ ಕಟ್ಟಿ, “ಏನಿಲ್ಲ, ಏನಿಲ್ಲ, ನಾನಿದೀನಿ” ಎನ್ನುತ್ತಲೇ ಇದ್ದಳು. ಆಂಬ್ಯುಲೆನ್ಸಿನಲ್ಲೂ ಅವಳೇ ಹೋದಳು.

ಅದೇ ಮಧ್ಯಾಹ್ನ ಭಾವ ಬ್ಲೇಡಿನಿಂದ ಕಪ್ಪು ಟೇಪು ಕೆರೆದು ತೆಗೆದರು. ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿದರು. ಎಲ್ಲಿಂದಲೋ ಹೊಸ ಕೆಂಪು ದಾರ ತಂದು ನೇತುಹಾಕಿದರು. ಆಸ್ಪತ್ರೆಯಿಂದ ಬಂದ ಅಕ್ಕ ಅವರ ಪಕ್ಕದಲ್ಲಿ ಕೂತು ಟಾರ್ಚು ಹಿಡಿದಿದ್ದಳು. ಬಟ್ಟೆಯ ಮೇಲೆ ಮೇಡಂ ರಕ್ತ ಇನ್ನೂ ಹಾಗೇ ಇತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕಷ್ಟವನ್ನು ದಾಟುತ್ತಿದ್ದೇವೆ ಎಂದೇ ಅವಳು ತಿಳಿದಿದ್ದಳು.

ಸಂಜೆ ಏಜೆಂಟ್ ಬಂದ. ಈ ಸಲ ‘ಸಾರ್’ ಕಡಿಮೆಯಾಗಿತ್ತು. ಸರ್ಟಿಫಿಕೇಟ್ ಇಲ್ಲದವರು ನಿಮಗೆ ಗೊತ್ತಿದ್ದೇ ಹೇಳಿಕೊಡುತ್ತಿದ್ದರು ಎಂದಾದರೆ ಕಂಪನಿ ಒಂದು ಪೈಸೆಯನ್ನೂ ಕೊಡುವುದಿಲ್ಲ, ಮೇಡಂ ಆಪರೇಷನ್ನು, ಪರಿಹಾರ ಎಲ್ಲವೂ ನಿಮ್ಮ ತಲೆಗೇ, ಜಿಮ್ಮು ಮುಚ್ಚಿದ ಹಾಗೇ ಲೆಕ್ಕ ಎಂದ. ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳು ಬಡಿದು, “ನಿಮ್ಗೆ ಗೊತ್ತಿಲ್ದೆ ನಡೀತು ಅಂದ್ರೆ ಒಂದು ದಾರಿ ಇದೆ. ಅವತ್ತು ನೀವು ಊರಲ್ಲಿರ್ಲಿಲ್ಲ, ರಜೆ ಅಂತ ಹೇಳಿದ್ರಿ, ಇವರೇ ಬೀಗ ತೆಗೆದ್ರು” ಎಂದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಈ ಮಾತು ನಾನು ಹೇಳಿಲ್ಲ” ಎಂದೂ ಸೇರಿಸಿದ.

ಅವನು ಹೋದ ಮೇಲೆ ಭಾವ ಅಕ್ಕನ ಕೈ ಹಿಡಿದುಕೊಂಡರು. ನನ್ನೆದುರು ಅವರು ಹಾಗೆ ಮಾಡಿದ್ದು ಅದೇ ಮೊದಲು.

“ಕಾಗದದ ಮೇಲಷ್ಟೇ ಕಣೇ. ನಂಗೊತ್ತಿಲ್ವಾ ಏನಾಯ್ತು ಅಂತ?”

“ಆಕೆ ಕೈ ಸರಿಹೋಗತ್ತಾ?” ಎಂದಳು ಅಕ್ಕ.

“ಕಂಪನಿ ಕೊಟ್ರೆ ದೊಡ್ಡ ಆಸ್ಪತ್ರೇಲೇ ಮಾಡಿಸ್ತಾರೆ.”

“ಹಾಗಾದ್ರೆ ಹೇಳ್ತೀನಿ. ಆದ್ರೆ ಇದೆಲ್ಲ ಮುಗಿದ್ಮೇಲೆ ನನ್ನ ಕೋರ್ಸಿಗೆ ಕಳಿಸ್ಬೇಕು. ಮತ್ತೆ ಹೀಗಾಗ್ಬಾರ್ದು.”

“ಕಳಿಸ್ತೀನಿ,” ಎಂದರು ಭಾವ. ನನ್ನನ್ನು ಸಾಕ್ಷಿಗೆ ಕರೆಯುವಂತೆ ನನ್ನ ಕಡೆಗೂ ನೋಡಿದರು.

ವಿಮಾ ಕಂಪನಿಯ ತನಿಖೆದಾರ ಬಂದದ್ದು ಕೆಲವು ದಿನಗಳ ನಂತರ. ಬಡಕಲು ಮನುಷ್ಯ, ಕೈಯಲ್ಲಿ ಕ್ಯಾಮೆರಾ. ದಾರ ಎಳೆದು ನೋಡಿದ, ಪಟ್ಟಿ ನಿಂತಿತು. ತಲೆಯಾಡಿಸಿದ. ನನ್ನನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಭಾವನ ಹರಿದ ಬೆಂಚಿಗೆ ಹೊದಿಕೆ ಹೊಲಿಯುವವಳ ಹಾಗೆ ನಾನು ಮೂಲೆಯಲ್ಲಿ ಕೂತಿದ್ದೆ. ಅವನು ಅಕ್ಕನನ್ನು ಕರೆದ.

“ನಿಮಗೆ ಈ ಮೆಷಿನ್ ಬಗ್ಗೆ ಏನು ಗೊತ್ತಮ್ಮಾ?”

“ಏನೂ ಗೊತ್ತಿಲ್ಲ ಸಾರ್. ಕಸ ಗುಡಿಸೋಕೆ ಬರ್ತೀನಿ.”

“ಮತ್ತೆ ಯಾಕೆ ಬೀಗ ತೆಗೆದ್ರಿ?”

“ಅವರು ಬಂದು ನಿಂತಿದ್ರು. ತೆಗೆದೆ.”

“ಈ ದಾರ ಸಿಕ್ಕಿಸ್ಬೇಕು ಅಂತ ಹೇಳಿದ್ರಾ ಅವರಿಗೆ?”

ಈ ಪ್ರಶ್ನೆ ಬರುತ್ತದೆ ಎಂದು ಯಾರೂ ಅಕ್ಕನಿಗೆ ಹೇಳಿಕೊಟ್ಟಿರಲಿಲ್ಲ. “ಇಲ್ಲ ಸಾರ್,” ಎಂದಳು. ಅದು ಸುಳ್ಳೂ ಅಲ್ಲ. ಇಲ್ಲದ ದಾರವನ್ನು ಸಿಕ್ಕಿಸಿಕೊಳ್ಳಿ ಎಂದು ಹೇಳುವುದಾದರೂ ಹೇಗೆ?

ಇಷ್ಟಕ್ಕೇ ಮುಗಿದಿತ್ತು. ತನಿಖೆದಾರ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದ. ಆಗ ಭಾವ, ಯಾರೂ ಕೇಳದೆ, ತಾವಾಗಿಯೇ ಬಾಯಿ ತೆಗೆದರು. “ಎಷ್ಟು ಹೇಳಿದ್ರೂ ಕೇಳಲ್ಲ ಸಾರ್. ಎಲ್ಲಾದಕ್ಕೂ ಮುಂದೆ ನುಗ್ತಾಳೆ. ಮನೇಲೂ ಹಿಂಗೇ.” ತನಿಖೆದಾರ ನಕ್ಕು, “ನಮ್ಮನೇಲೂ ಅದೇ ಕಥೆ” ಎಂದ. ಇಬ್ಬರೂ ಸೇರಿ ನಕ್ಕರು. ಅಕ್ಕ ನೆಲ ನೋಡುತ್ತಾ ನಿಂತಿದ್ದಳು. ನನಗೆ ಕೈಯಲ್ಲಿದ್ದ ಸೂಜಿಯಿಂದ ಇಬ್ಬರನ್ನೂ ಚುಚ್ಚುವಷ್ಟು ಸಿಟ್ಟು ಬಂತು. ಆ ಮಾತು ಯಾವ ಕಾಗದಕ್ಕೂ ಬೇಕಾಗಿರಲಿಲ್ಲ. ಅದನ್ನು ಅವರು ಪುಕ್ಕಟೆಯಾಗಿ ಕೊಟ್ಟರು.

ಮೆಟ್ಟಿಲಲ್ಲಿ ನಾನು ಅದನ್ನೇ ಅಕ್ಕನಿಗೆ ಹೇಳಿದೆ. “ನಂಬಿಸ್ಬೇಕಲ್ಲೇ, ಅದಕ್ಕೆ ಹಂಗಂದ್ರು” ಎಂದಳು. ಗಂಡನನ್ನು ಬಿಟ್ಟುಕೊಡುವ ಪೈಕಿಯಲ್ಲ ಅವಳು.

ಕಂಪನಿ ಒಪ್ಪಿತು. ಮೇಡಂ ಕೈಗೆ ಆಪರೇಷನ್ ಆಯಿತು, ಪರಿಹಾರವೂ ಸಿಕ್ಕಿತು. ಜಿಮ್ಮು ಉಳಿಯಿತು. ಆದರೆ ಅಕ್ಕ ಆಸ್ಪತ್ರೆಗೆ ಹೋಗಿ ಮೇಡಂ ಅವರನ್ನು ನೋಡಬಾರದು ಎಂದು ಭಾವ ಕಟ್ಟುನಿಟ್ಟು ಮಾಡಿದ್ದರು. ಮಾತಿಗೆ ಮಾತು ಬೆಳೆದು ಏನಾದರೂ ಹೊರಬಿದ್ದರೆ ಎಲ್ಲ ಕೆಡುತ್ತದೆ ಎಂದು ಏಜೆಂಟ್ ಹೇಳಿದ್ದನಂತೆ. ಅಕ್ಕ ದಿನಾ ನನ್ನ ಅಂಗಡಿಗೆ ಬಂದು ಕೂತು, “ಬೆರಳು ಮಡಚೋಕೆ ಶುರುಮಾಡಿಸಿದಾರೋ ಇಲ್ವೋ, ತಡವಾದ್ರೆ ಬಿಗಿದುಬಿಡ್ತವೆ” ಎಂದು ಒದ್ದಾಡುತ್ತಿದ್ದಳು. ಭಾವ ಮಾತ್ರ ಹೋಗಿಬಂದರು.

ಹೆಂಗಸರ ಹೊತ್ತಿಗೆ ಹೊಸ ಟ್ರೈನರ್ ಬಂದಳು. ಸರ್ಟಿಫಿಕೇಟ್ ಇದ್ದ ಹುಡುಗಿ, ಒಳ್ಳೆಯವಳೇ, ಅವಳದ್ದೇನೂ ತಪ್ಪಿಲ್ಲ. ಬಾಗಿಲಲ್ಲಿ ‘ಸಿಬ್ಬಂದಿ, ಸದಸ್ಯರ ಹೊರತು ಪ್ರವೇಶವಿಲ್ಲ’ ಎಂಬ ಬೋರ್ಡು ಬಂತು. ವಿಮೆಯವರು ಹಾಕಿಸಿದ್ದು ಎಂದರು ಭಾವ. ಅಕ್ಕ ಕೋರ್ಸಿನ ಅರ್ಜಿ ಯಾವಾಗ ಎಂದು ಕೇಳಿದಳು. “ಇಷ್ಟೆಲ್ಲಾ ಆದ್ಮೇಲೂನಾ? ಸ್ವಲ್ಪ ದಿನ ಮನೇಲಿ ತಣ್ಣಗಿರು” ಎಂದರು. ಅವಳು ತಣ್ಣಗೇ ಇದ್ದಳು. ಹತ್ತು ಗಂಟೆಯಾಯಿತೆಂದರೆ ಮಾತ್ರ ಮನೆಯೊಳಗೆ ನಿಲ್ಲಲಾರದೆ ಬೀದಿಗೆ ಬಂದು, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೇಲಿನ ಸದ್ದು ಕೇಳುತ್ತಿದ್ದಳು. “ಅಜ್ಜೀರನ್ನೂ ಅಷ್ಟು ಜೋರಾಗಿ ಕುಣಿಸ್ತಿದಾಳೆ” ಎಂದು ಗೊಣಗುತ್ತಿದ್ದಳು. ಇದೂ ತಾತ್ಕಾಲಿಕ, ಎಲ್ಲ ಮರೆತ ಮೇಲೆ ಭಾವ ತನ್ನನ್ನು ಮೇಲಕ್ಕೆ ಕರೆಯುತ್ತಾರೆ ಎಂದೇ ಅವಳ ನಂಬಿಕೆ. ಹಳಬರು ಕೆಲವರು ಇಳಿದು ಹೋಗುವಾಗ ಅವಳನ್ನು ಮಾತನಾಡಿಸುತ್ತಿದ್ದರು. ಬರಬರುತ್ತಾ ಅದೂ ಕಡಿಮೆಯಾಯಿತು. ಯಾಕೆಂದು ನಮಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಅಂಚೆ ಮೇಡಂ ಸಿಕ್ಕಿದಾಗ. ನಾವಿಬ್ಬರೂ ಔಷಧಿ ಅಂಗಡಿಯಿಂದ ಹೊರಗೆ ಬರುತ್ತಿದ್ದೆವು, ಅವರು ಒಳಗೆ ಬರುತ್ತಿದ್ದರು. ಅಕ್ಕ ಎಲ್ಲ ಕಟ್ಟುನಿಟ್ಟನ್ನೂ ಮರೆತು ಅವರ ಕೈ ಹಿಡಿಯಲು ಹೋದಳು. ಮೇಡಂ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.

“ನಿಮ್ಮೇಲೆ ನಂಗೆ ಕೋಪ ಇಲ್ಲಮ್ಮಾ,” ಎಂದರು. “ನಿಮ್ಮ ಯಜಮಾನ್ರು ಆಸ್ಪತ್ರೆಗೆ ಬಂದು ಎಲ್ಲಾ ಹೇಳಿದ್ರು. ದಾರ ಇತ್ತಂತೆ, ನೀವು ಸಿಕ್ಕಿಸ್ಲಿಲ್ವಂತೆ. ಅವರು ಬೇಡ ಬೇಡ ಅಂದ್ರೂ ನೀವೇ ಹಟ ಹಿಡಿದು ಕ್ಲಾಸ್ ತಗೋತಿದ್ರಂತಲ್ಲ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಎಲ್ಲರ ಹತ್ರಾನೂ ಹೇಳಿ ಕ್ಷಮೆ ಕೇಳಿದಾರೆ. ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು. ನಾನು ನಿಮ್ಮನ್ನ ಕ್ಷಮಿಸಿದೀನಿ.”

ಮೇಡಂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕ, “ಬೆರಳು ಪೂರ್ತಿ ಮಡಚುತ್ತಾ?” ಎಂದಷ್ಟೇ ಕೇಳಿದಳು. ಮೇಡಂ ಮಡಚಿ ತೋರಿಸಿದರು. ಉಂಗುರದ ಬೆರಳು ಅರ್ಧಕ್ಕೇ ನಿಂತಿತು. ದಾರಿಯುದ್ದಕ್ಕೂ ಇಬ್ಬರ ಪಾಲಿನದ್ದನ್ನೂ ನಾನೇ ಬೈದುಕೊಂಡು ಬಂದೆ.

ಅವತ್ತು ಜಿಮ್ಮಿಗೆ ವಾರದ ರಜೆ. ಭಾವ ಮನೆಯಲ್ಲೇ ಇದ್ದರು. ಅಕ್ಕ ಏನೂ ಆಗದವಳಂತೆ ಊಟಕ್ಕೆ ಬಡಿಸಿದಳು, ನನಗೂ ತಟ್ಟೆ ಹಾಕಿದಳು. ಭಾವ ಅರ್ಧ ಊಟ ಮುಗಿಸುವವರೆಗೂ ಕಾದಳು. ಹಸಿದ ಗಂಡನ ಹತ್ತಿರ ಜಗಳ ತೆಗೆಯಬಾರದೆಂಬ ಬುದ್ಧಿ ಆಗಲೂ ಅವಳನ್ನು ಬಿಡಲಿಲ್ಲ.

“ಅಂಚೆ ಮೇಡಂ ಸಿಕ್ಕಿದ್ರು,” ಎಂದಳು. “ಕಂಪನಿಯವರಿಗೆ ಹೇಳ್ಬೇಕಾಗಿತ್ತು, ಹೇಳಿದ್ರಿ. ನಾನೂ ಹೇಳ್ದೆ. ಮೇಡಂಗೆ ಯಾಕೆ ಹೇಳಿದ್ರಿ? ಬೇರೆಯವರಿಗೆಲ್ಲ ಯಾಕೆ ಹೇಳಿದ್ರಿ?”

“ಮತ್ತೇನು ಹೇಳ್ಬೇಕಿತ್ತು?” ಭಾವ ತಲೆ ಎತ್ತಲಿಲ್ಲ. “ನೀನು ಅವತ್ತು ಆ ದಾರ ಒಂದು ಸಿಕ್ಕಿಸಿದ್ದಿದ್ರೆ ಇದೆಲ್ಲ ಆಗ್ತಿತ್ತಾ? ಎಷ್ಟು ಸಲ ಬಡ್ಕೊಂಡೆ ನಿಂಗೆ, ನಿನಗಾಗದ ಕೆಲಸ, ಬೇಡ ಅಂತ.”

ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು. ಅಡುಗೆಮನೆಯ ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು. ಅವಳು ಒಮ್ಮೆ ಸುತ್ತಲೂ ನೋಡಿದಳು, ಯಾರಾದರೂ ಬಂದು ನಿಂತಿದ್ದಾರೇನೋ ಎಂಬಂತೆ.

“ಇಲ್ಲಿ ನಾವು ಮೂರೇ ಜನ ಇರೋದು,” ಎಂದಳು. “ಏಜೆಂಟ್ ಇಲ್ಲ, ಕಂಪನಿಯವರಿಲ್ಲ. ಯಾರಿಗೆ ಕೇಳಿಸ್ಲಿ ಅಂತ ಈ ಸುಳ್ಳು ಹೇಳ್ತಿದೀರಿ?”

ಈಗ ಭಾವ ತಲೆ ಎತ್ತಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಣ್ಣು ತಪ್ಪಿಸುತ್ತಾರೆ, ಮುಖ ಕೆಂಪಾಗುತ್ತದೆ, ಕೊನೇಪಕ್ಷ ಗದರುತ್ತಾರೆ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಎದುರಿನವಳಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎನ್ನುವ ಹಾಗೆ ಅವರು ಅವಳನ್ನು ಕನಿಕರದಿಂದ ನೋಡಿದರು.

“ಯಾವ ಸುಳ್ಳು?” ಎಂದರು.

ಅಕ್ಕ ಸೌಟು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ. ಅದೊಂದು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ನೀನಾದ್ರೂ ಹೇಳೇ,” ಎಂದಳು. “ಇಷ್ಟು ವರ್ಷ ಆ ಕ್ಲಾಸು ನಡೆಸಿದ್ದು ನಾನೇ ತಾನೆ?”